ಮೌನಕ್ಕೂ ಎರಡು ತುದಿ

ಧಾರವಾಡದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಮೊದಲ ಸಲ ಟ್ರಂಕ್ ಬೋರ್ಡಿನ ಮುಂದೆ ಕೂತದ್ದು 1981ರಲ್ಲಿ. ತಲೆಗೆ ಹೆಡ್‌ಸೆಟ್, ಕೈಯಲ್ಲಿ ಪ್ಲಗ್ಗಿನ ವೈರು, ಎದುರಿಗೆ ಸಾಲುಸಾಲು ತೂತು, ಒಂದೊಂದಕ್ಕೂ ಪುಟ್ಟ ದೀಪ. ಬೊಂಬಾಯಿಗೆ ಕಾಲ್ ಬುಕ್ ಮಾಡಿದವರು ತಾಸುಗಟ್ಟಲೆ ಕಾಯುತ್ತಿದ್ದರು. ಅವಸರದವರಿಗೆ ಅರ್ಜೆಂಟ್, ಅದಕ್ಕೂ ಅವಸರ ಇದ್ದವರಿಗೆ ಲೈಟ್ನಿಂಗ್. ಇಂಥವರನ್ನೇ ಕರೆಸಬೇಕೆಂದರೆ ಪಿ.ಪಿ. ಕಾಲ್. ಲೈನ್ ಸಿಕ್ಕಿತೆಂದರೆ ಮೂರು ನಿಮಿಷದ ಲೆಕ್ಕ ಶುರು. ಅದು ಮುಗಿದೊಡನೆ ನಡುವೆ ಬಾಯಿ ಹಾಕಿ, ‘ಮೂರು ನಿಮಿಷ ಆತ್ರಿ, ಮುಂದುವರಸತೀರೇನ್ರಿ?’ ಎಂದು ಕೇಳುವುದು ನನ್ನ ಕೆಲಸ. ಎಷ್ಟೋ ಜನ ಆಗ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ‘ಸಾಕ್ರಿ, ಎಲ್ಲಾ ಮಾತಾಡಿ ಮುಗೀತು’ ಎನ್ನುತ್ತಿದ್ದರು.

1986ರ ಜುಲೈಯಲ್ಲಿ ನಮ್ಮ ಪಕ್ಕದ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಶುರುವಾಯಿತು. 128 ಪೋರ್ಟಿನ ಸಣ್ಣ ಯಂತ್ರ. ನಮ್ಮ ದೇಶದ ಎಂಜಿನಿಯರುಗಳು ನಮ್ಮ ಬಿಸಿಲು, ಧೂಳಿಗೆಂದೇ ಮಾಡಿದ್ದು, ಎ.ಸಿ. ಕೂಡ ಬೇಡ. ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಹಳ್ಳಿಯ ಬಸುರಿಗೆ ಡಾಕ್ಟರು ಸಿಗುವಂತಾದದ್ದು ಇಂಥ ಯಂತ್ರಗಳಿಂದ. ಆದರೆ ಕಾಲ ಸರಿದಂತೆ ಬೋರ್ಡು ಹೋಯಿತು, ಬೋರ್ಡಿನ ಜೊತೆ ನಡುವೆ ಬಾಯಿ ಹಾಕುವವರೂ ಹೋದರು.

ನಿವೃತ್ತಿಯಾದ ಮೇಲೆ ಈ ಮಾತು ನನ್ನನ್ನು ಹೆಚ್ಚು ಕಾಡತೊಡಗಿತು. ಒಂಬತ್ತನೇ ಇಯತ್ತೆ ಓದುವ ಮೊಮ್ಮಗ ಊಟಕ್ಕೆ ಕೂತರೂ ಎಡಗೈಯ ಹೆಬ್ಬೆರಳು ಫೋನಿನ ಮೇಲೆ ಓಡುತ್ತಲೇ ಇರುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ. ಮೊದಲೆಲ್ಲ ಇಂಟರ್‌ನೆಟ್ಟಿನ ಪುಟಕ್ಕೆ ಕೊನೆ ಇರುತ್ತಿತ್ತು, ಮುಂದಿನ ಪುಟ ಬೇಕೆಂದರೆ ಒತ್ತಬೇಕಿತ್ತು. ಒತ್ತುವ ಆ ಗಳಿಗೆಯಲ್ಲಿ ‘ಸಾಕು’ ಎನ್ನಲು ಸಂದಿ ಸಿಗುತ್ತಿತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಉರುಳುವ ಪುಟವನ್ನು ರೂಪಿಸಿದರು. ಮುಂದೆ ಅದರ ಬಗ್ಗೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನನಗೆ ಅರ್ಥವಾದದ್ದು ಇಷ್ಟು: ಮೂರು ನಿಮಿಷ ಆಯಿತು ಎಂದು ಹೇಳುವ ದನಿಯನ್ನೇ ಅಲ್ಲಿ ತೆಗೆದುಹಾಕಿದ್ದಾರೆ.

ಹಾಗಾಗಿ ಹೋದ ವರ್ಷ ಒಂದು ರವಿವಾರ ನನ್ನ ಫೋನನ್ನು ಆರಿಸಿ ತಿಜೋರಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿಯ ತಂಗಿ ಹನ್ನೊಂದು ಸಲ ಫೋನ್ ಹಚ್ಚಿ, ಗಾಬರಿಯಾಗಿ, ಇಲ್ಲೇ ಎರಡು ಓಣಿ ಆಚೆ ಇರುವ ತನ್ನ ಬೀಗರ ಹುಡುಗನನ್ನು ಸ್ಕೂಟರಿನಲ್ಲಿ ಓಡಿಸಿದ್ದಳು. ಬಾಗಿಲು ತೆಗೆದಾಗ ಆ ಹುಡುಗನ ಮುಖ ಬಿಳಿಚಿತ್ತು. ಸಂಜೆ ತಂಗಿ ಫೋನಿನಲ್ಲೇ ಅತ್ತಳು. ‘ಅಕ್ಕಾ, ನಿನಗೇನರ ಆಗಿದ್ರ ನಾ ಏನ್ ಮಾಡ್ಲಿ?’

ವರ್ಷಗಟ್ಟಲೆ ಲೈನ್ ಜೋಡಿಸಿದವಳು ನಾನು. ಪ್ರತಿ ಲೈನಿಗೂ ಎರಡು ತುದಿ ಇರುತ್ತದೆಂಬುದನ್ನು ಅವತ್ತು ಮರೆತಿದ್ದೆ. ನಾನು ಸುಮ್ಮನಾದರೆ ಆ ಕಡೆಯವರಿಗೆ ಅದು ಬರೀ ಉತ್ತರವಿಲ್ಲದ ಕರೆ.

ಈ ವರ್ಷ ಶ್ರಾವಣದಲ್ಲಿ ಮತ್ತೆ ಹಿಡಿದ ರವಿವಾರಕ್ಕೆ ಎಂಟು ದಿನ ಮೊದಲೇ ತಯಾರಿ ಮಾಡಿದೆ. ಮೊಮ್ಮಗ, ಸೊಸೆ ಇಬ್ಬರೂ ತಮ್ಮ ಫೋನನ್ನೂ ಆರಿಸಿಡಲು ಒಪ್ಪಿದರು. ತಂಗಿಗೆ, ಪುಣೆಯಲ್ಲಿ ನೌಕರಿಯಲ್ಲಿರುವ ಮಗನಿಗೆ ತಿಳಿಸಿದೆ. ಜೀವಕ್ಕೆ ಸಂಬಂಧಿಸಿದ್ದೇನಾದರೂ ಇದ್ದರೆ ಮೇಲಿನ ಮನೆಯವರ ನಂಬರಿಗೆ ಹಚ್ಚಬೇಕೆಂದು ಗೊತ್ತು ಮಾಡಿದೆವು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಆಸ್ಪತ್ರೆಯ ಡ್ಯೂಟಿಯವರಿದ್ದರೆ ಈ ಒಂದು ದಾರಿಯನ್ನು ಮುಚ್ಚಲೇಬಾರದು. ಶನಿವಾರ ರಾತ್ರಿ ನಂಬರುಗಳನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆಯಲು ಕೂತೆ. ಒಂದು ಕಾಲಕ್ಕೆ ಧಾರವಾಡದ ಇನ್ನೂರು ನಂಬರು ನನಗೆ ಬಾಯಿಪಾಠ. ನನ್ನ ಮಗನ ನಂಬರು ಮಾತ್ರ ನೆನಪಾಗಲಿಲ್ಲ. ಫೋನ್ ನೋಡಿಯೇ ಬರೆದುಕೊಂಡೆ. ಬರೆಯುವಾಗ ಕೈ ಸಣ್ಣಗೆ ನಡುಗಿತು.

ಬೆಳಿಗ್ಗೆ ಮೊದಲು ಕಾಡಿದ್ದು ವೇಳೆ. ಗೋಡೆ ಗಡಿಯಾರ ನಿಂತು ಎಷ್ಟು ತಿಂಗಳಾಗಿತ್ತೋ! ಮೊಮ್ಮಗ ಅಂಗಡಿಗೆ ಹೋಗಿ ಸೆಲ್ ತಂದ. ಕಾಯಿಪಲ್ಲೆಯವಳಿಗೆ ಸೊಸೆ ಐನೂರರ ನೋಟು ಚಾಚಿದರೆ ಅವಳ ಹತ್ತಿರ ಚಿಲ್ಲರೆ ಇಲ್ಲ. ಎಲ್ಲರೂ ಸ್ಕ್ಯಾನ್ ಮಾಡುವವರೇ, ಅವಳಾದರೂ ಚಿಲ್ಲರೆ ಎಲ್ಲಿ ಇಟ್ಟಾಳು? ‘ಇರ್ಲಿ ಬಿಡ್ರೀ ಅಕ್ಕಾರ, ನಾಳೆ ಕೊಡ್ರಿ’ ಅಂದಳು. ಆ ನಂಬಿಕೆ ಇನ್ನೂ ಉಳಿದಿದೆಯಲ್ಲ ಎಂದು ಮನಸ್ಸು ತುಂಬಿ ಬಂತು.

ಮಧ್ಯಾಹ್ನ ಎರಡರಿಂದ ನಾಲ್ಕು ಬಹಳ ಕಷ್ಟ. ಹುಡುಗನ ಕೈ ಮತ್ತೆಮತ್ತೆ ಕಿಸೆಗೆ ಹೋಗುತ್ತಿತ್ತು. ಎದ್ದ, ಕೂತ, ಬಾಗಿಲಿಗೆ ಹೋಗಿ ಬಂದ. ನನಗೂ ಅದೇ ತಳಮಳ, ತಂಗಿಯ ಮನೆಯಲ್ಲಿ ಏನೋ ಆಗಿರಬಹುದು ಅನ್ನುವಂತೆ. ಈ ಎರಡು ತಾಸಿಗೆ ಕೈಕೆಲಸವೊಂದನ್ನು ಮೊದಲೇ ಎತ್ತಿಟ್ಟುಕೊಂಡಿರಬೇಕು, ಬರೀ ‘ವಿಶ್ರಾಂತಿ’ ಅಂದುಕೊಂಡರೆ ಆಗುವುದಿಲ್ಲ. ಕೊನೆಗೆ ಅವನೇ ಕೇಳಿದ: ‘ಅಜ್ಜಿ, ನೀ ಅವಾಗ ಫೋನ್ ಹೆಂಗ್ ಜೋಡಸ್ತಿದ್ದಿ?’ ರಟ್ಟಿನ ಪೆಟ್ಟಿಗೆಗೆ ತೂತು ಹಾಕಿ, ಹೊಲಿಗೆಯ ದಾರಕ್ಕೆ ಗುಂಡಿ ಕಟ್ಟಿ ತೋರಿಸಿದೆ. ಅವನು ಬೊಂಬಾಯಿ, ಸೊಸೆ ಬೆಳಗಾವಿ. ಐದು ಗಂಟೆ ಆದದ್ದೇ ತಿಳಿಯಲಿಲ್ಲ.

ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಊರು ನನಗೆ ಅವತ್ತು ನೆನಪಾಯಿತು. 2022ರಿಂದ ಅಲ್ಲಿ ಸಂಜೆ ಏಳಕ್ಕೆ ಗುಡಿಯ ಸೈರನ್ ಕೂಗುತ್ತದೆ. ಊರಿನವರು ಟಿ.ವಿ., ಮೊಬೈಲು ಆರಿಸುತ್ತಾರೆ. ಮಕ್ಕಳು ಪುಸ್ತಕ ಹಿಡಿಯುತ್ತಾರೆ, ಎಂಟೂವರೆಗೆ ಮತ್ತೆ ಸೈರನ್. ಇಂಡೋನೇಷ್ಯಾದ ಬಾಲಿಯಲ್ಲಿ ಹಿಂದೂಗಳ ಹೊಸ ವರ್ಷ ‘ನ್ಯೇಪಿ’ಯ ದಿನ ಇಡೀ ದ್ವೀಪ ಮೌನವಾಗುತ್ತದೆ, ವಿಮಾನ ನಿಲ್ದಾಣವೂ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್‌ನೆಟ್ಟನ್ನೂ ಅವತ್ತು ನಿಲ್ಲಿಸುತ್ತಿದ್ದಾರೆ. ಆಸ್ಪತ್ರೆಯಂಥ ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ. ಎರಡೂ ಕಡೆ ನಡೆದುಕೊಂಡು ಬಂದದ್ದು ಜನರ ಮನಸ್ಸು ಬಹಳ ಗಟ್ಟಿ ಇರುವುದರಿಂದ ಅಂತ ನನಗನ್ನಿಸುವುದಿಲ್ಲ. ಆ ಹೊತ್ತಿನಲ್ಲಿ ಆ ಕಡೆಯ ತುದಿಯೂ ಸುಮ್ಮನಿರುತ್ತದೆ. ತನಗೆ ಏನೋ ತಪ್ಪಿಹೋಯಿತು ಎಂಬ ಸಂಕಟ ಯಾವ ಮಗುವಿಗೂ ಇರುವುದಿಲ್ಲ. ನಮ್ಮ ಹುಡುಗನ ಕೈ ಕಿಸೆಗೆ ಹೋದದ್ದು ಅವನ ಗೆಳೆಯರೆಲ್ಲ ಆ ಹೊತ್ತಿನಲ್ಲಿ ಆನ್‌ಲೈನ್ ಇದ್ದರು ಅಂತ.

ನಿದ್ದೆ, ಶಾಲೆ ಎರಡೂ ಕೆಡುವಷ್ಟು ಫೋನಿಗೆ ಸಿಕ್ಕಿಬಿದ್ದ ಮಕ್ಕಳ ಮಾತು ಬೇರೆ, ಒಂದು ರವಿವಾರ ಅವರಿಗೆ ಔಷಧವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದಕ್ಕಾಗಿಯೇ ಇದೆ. ಅಲ್ಲಿಗೆ ಹೋಗಲು ನಾಚಿಕೆಪಡಬೇಕಿಲ್ಲ.

ಸಂಜೆ ಬಾಗಿಲಲ್ಲಿ ತಂಗಿ ನಿಂತಿದ್ದಳು. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಬಂದಿದ್ದಳು, ಕೈಯಲ್ಲಿ ಕರದಂಟಿನ ಪೊಟ್ಟಣ. ‘ಫೋನ್ ಹಚ್ಚಾಕ ಬರೂದಿಲ್ಲಂದ್ರ ಬರೂದಽ ಛಲೋ ಅನಸ್ತು’ ಅಂದಳು. ದಿನಾ ಅರ್ಧ ತಾಸು ಮಾತಾಡುವ ನಾವು ಆ ಸಂಜೆ ನಡುನಡುವೆ ಸುಮ್ಮನೆ ಕೂತೆವು. ಅವಳ ಮೊಣಕಾಲು ಬಾತಿರುವುದು ನನಗೆ ಕಂಡದ್ದು ಆಗಲೇ. ಫೋನಿನಲ್ಲಿ ಒಮ್ಮೆಯೂ ಅವಳು ಅದನ್ನು ಹೇಳಿರಲಿಲ್ಲ.

ರಾತ್ರಿ ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ತಿಜೋರಿ ತೆಗೆದೆವು. ಮಗನ ಸಂದೇಶವೊಂದು ಕಾಯುತ್ತಿತ್ತು: ಮುಂದಿನ ಸಲ ಯಾವ ರವಿವಾರ, ಮೊದಲೇ ಹೇಳು, ನಾನೂ ಇಲ್ಲಿ ಆರಿಸುತ್ತೇನೆ. ಮೊಮ್ಮಗ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಎರಡನೇ ರವಿವಾರಕ್ಕೆ ಗುಂಡು ಹಾಕಿದ. ಅದರ ಕೆಳಗೆ ತನ್ನ ಇಬ್ಬರು ಗೆಳೆಯರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದ.