ಅರ್ಧ ಕಿಲೊ ತೂಕದ ರಿಂಗ್

ಉತ್ತರ ಕನ್ನಡದ ಗಣೇಶಗುಡಿಯ ಬಳಿ ಕಾಳಿ ನದಿಗೆ ಅಡ್ಡ ನಿಂತ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್, ಉದ್ದ 332 ಮೀಟರ್. ಅದರ ಹಿಂದೆ ಸುಮಾರು 147 ಟಿಎಂಸಿ ನೀರು ನಿಲ್ಲಬಲ್ಲದು. ಒಂದು ಟಿಎಂಸಿ ಎಂದರೆ 2.83 ಕೋಟಿ ಟನ್, ಹಾಗಾಗಿ ಒಟ್ಟು 416 ಕೋಟಿ ಟನ್. ಹಳೆಯ ಸೂಪಾ ಊರು ಆ ನೀರಿನಡಿ ಹೋಯಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ನೆಲೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಅದೇ ತಾಲ್ಲೂಕಿನ ರಾಮನಗರದಲ್ಲಿ ಮತ್ತೆ ಗೋಡೆ ಎಬ್ಬಿಸಿದವು.

ಇಷ್ಟು ನೀರು ಅಣೆಕಟ್ಟನ್ನು ಎಷ್ಟು ದೂಡುತ್ತದೆ? 100 ಮೀಟರ್ ಆಳದ ನೀರೆಂದು ಲೆಕ್ಕ ಹಾಕಿದರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ 5,000 ಟನ್. ಅದಕ್ಕಿಂತ ದೊಡ್ಡ ಬೆರಗು ಬೇರೆ ಇದೆ: ಈ ಅಂಕಿಗೂ 416 ಕೋಟಿಗೂ ಸಂಬಂಧವೇ ಇಲ್ಲ. ಜಲಾಶಯದ ಬದಲು ಗೋಡೆಗೆ ತಾಗಿ ಗೇಣಗಲದ, 100 ಮೀಟರ್ ಆಳದ ನೀರಿನ ಸೀಳೊಂದಿದ್ದರೂ ದೂಡುವ ಬಲ ಅದೇ 5,000 ಟನ್. ನಿಂತ ನೀರು ಆಳವನ್ನಷ್ಟೇ ಎಣಿಸುತ್ತದೆ, ಹರವನ್ನಲ್ಲ.

ಈ ಬಲವನ್ನು ತಡೆಯುವುದು ಕಾಂಕ್ರೀಟಿನ ತೂಕ, ತಳದ ಬಂಡೆಯ ಹಿಡಿತ ಮತ್ತು ಘರ್ಷಣೆ. ತಳ 80 ಮೀಟರ್ ಅಗಲವಿರುವ, ಇಷ್ಟೇ ಎತ್ತರದ ತ್ರಿಕೋನ ಗೋಡೆಯ ಒಂದು ಮೀಟರ್ ತುಂಡು 9,600 ಟನ್ ತೂಗುತ್ತದೆ. ಕೆಳಕ್ಕೆ 9,600, ಅಡ್ಡಕ್ಕೆ 5,000. ಅಡ್ಡ ಬಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಕಟ್ಟಡವೆಂದರೆ ಹೀಗಿರುತ್ತದೆ.

ಈಗ ರಾಮನಗರದಂಥ ಊರಲ್ಲಿ ಏಳುವ ಎರಡಂತಸ್ತಿನ ಮನೆಯ ಕಂಬಕ್ಕೆ ಬನ್ನಿ. 9 ಇಂಚು ಅಗಲ, 18 ಇಂಚು ಉದ್ದ, ಎಂ20 ದರ್ಜೆಯ ಕಾಂಕ್ರೀಟು, 16 ಮಿ.ಮೀ. ದಪ್ಪದ ಆರು ಸರಳು. ನಮ್ಮ ದೇಶದ ಕಾಂಕ್ರೀಟು ಸಂಹಿತೆಯ ಸೂತ್ರದಂತೆ ನೆಟ್ಟಗೆ ಅದು ಹೊರಬಲ್ಲ ಭಾರ ಸುಮಾರು 125 ಟನ್. ಅದೇ ಕಂಬವನ್ನು ಅಡ್ಡಕ್ಕೆ ಕತ್ತರಿಸ ಹೊರಟರೆ, ಎಂಜಿನಿಯರುಗಳು ಶಿಯರ್ ಎನ್ನುವ ಆ ಬಲಕ್ಕೆ ಬರಿಯ ಕಾಂಕ್ರೀಟು ಕೊಡುವ ಉತ್ತರ ಐದು ಟನ್ನಿಗೂ ಕಡಿಮೆ. ಇಪ್ಪತ್ತೈದರಲ್ಲಿ ಒಂದು ಪಾಲು!

ಉಳಿದದ್ದು ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೆಲಸ. ಬಾರ್ ಬೆಂಡರ್ ಹಲಗೆಯ ಮೇಲೆ ಬಗ್ಗಿಸಿ ರಾಶಿ ಹಾಕುವ 8 ಮಿ.ಮೀ. ರಿಂಗ್ ಒಂದೊಂದೂ ಅರ್ಧ ಕಿಲೊ ತೂಗುತ್ತದೆ. 20 ಸೆಂಟಿಮೀಟರಿಗೊಂದು ಕಟ್ಟಿದರೆ ಅವು ಏಳು ಟನ್ ಸೇರಿಸುತ್ತವೆ, 10 ಸೆಂಟಿಮೀಟರಿಗೊಂದಾದರೆ ಹದಿನಾಲ್ಕಕ್ಕೂ ಹೆಚ್ಚು. ಮೂರು ಮೀಟರ್ ಕಂಬಕ್ಕೆ ಹೆಚ್ಚಾದ ಕಬ್ಬಿಣ ಏಳೆಂಟು ಕಿಲೊ, ಮನೆಯ ಒಂದು ಗ್ಯಾಸ್ ಸಿಲಿಂಡರಿನಲ್ಲಿ ತುಂಬುವ ಅನಿಲದಷ್ಟೂ ಇಲ್ಲ.

ಮನೆಯ ಕಂಬಕ್ಕೆ ಇಂಥ ಅಡ್ಡ ಬಲ ತರುವುದು ಭೂಕಂಪ, ಜೋಯಿಡಾದ ನೆಲವೋ ಸಮತಟ್ಟಲ್ಲ. ಇಳಿಜಾರಿನ ಮನೆಯಲ್ಲಿ ಕೆಳಬದಿಯ ಕಂಬ ಮೂರು ಮೀಟರ್, ಮೇಲ್ಬದಿಯದು ಒಂದೇ ಮೀಟರ್ ಇರಬಹುದು. ಭೂಮಿ ನಡುಗಿದಾಗ ಒಂದೇ ಸ್ಲ್ಯಾಬು ಎರಡನ್ನೂ ಒಂದೇ ಅಳತೆಗೆ ಎಳೆಯುತ್ತದೆ. ಕಂಬದ ಬಿಗಿತ ಉದ್ದದ ಘನಕ್ಕೆ ವಿಲೋಮ. ಆದ್ದರಿಂದ ಗಿಡ್ಡ ಕಂಬ 27 ಪಟ್ಟು ಬಿಗಿ, ಬಲದ 28 ಪಾಲಿನಲ್ಲಿ 27 ಅದರ ಹೆಗಲಿಗೆ. ಕುಳ್ಳಗಿದೆ, ಗಟ್ಟಿಯಿರುತ್ತದೆ ಎಂದು ನಂಬಿದ ಕಂಬವೇ ಮೊದಲು ಸೀಳುತ್ತದೆ.

ನಿಜದಲ್ಲಿ ಆ 27 ಪಟ್ಟು ಪೂರ್ತಿ ಬರುವುದಿಲ್ಲ. ಅಷ್ಟರೊಳಗೆ ಸರಳು ಜಗ್ಗುತ್ತದೆ, ಕಾಂಕ್ರೀಟು ಬಿರಿಯುತ್ತದೆ, ಬಿಗಿತ ಬದಲಾಗುತ್ತದೆ. ಇದನ್ನು ಹಿಡಿಯುವುದೇ ನಾನ್‌ಲೀನಿಯರ್ ಲೆಕ್ಕ: 30 ಸೆಕೆಂಡಿನ ನಡುಕವನ್ನು ನೂರರಲ್ಲೊಂದು ಸೆಕೆಂಡಿನ 3,000 ತುಣುಕು ಮಾಡಿ, ಪ್ರತಿ ತುಣುಕಿನಲ್ಲೂ ಕಂಬ ಈಗ ಏನಾಗಿದೆ ಎಂದು ಕೇಳುತ್ತಾ ಹೋಗುವುದು. ಎಂಜಿನಿಯರುಗಳಾದ ಹಾಲಿಲ್ ಸೆಜೆನ್ ಮತ್ತು ಜ್ಯಾಕ್ ಮೋಲೆ 2004ರಲ್ಲಿ ಕೊಟ್ಟ ಸೂತ್ರದಲ್ಲಿ, ಕಂಬ ಜಗ್ಗಲು ಶುರುವಾದ ಅಳತೆಯ ಎರಡು ಪಟ್ಟಿನಿಂದ ಆರು ಪಟ್ಟು ವಾಲುವಷ್ಟರಲ್ಲಿ ಅದರ ಶಿಯರ್ ಶಕ್ತಿ 70 ಪ್ರತಿಶತಕ್ಕೆ ಇಳಿದಿರುತ್ತದೆ. ಆಮೇಲೆ ಓರೆ ಬಿರುಕು. ಕೆನ್ನೆತ್ ಎಲ್ವುಡ್ ಮತ್ತು ಮೋಲೆ ಕಟ್ಟಿದ ಮಾದರಿಯಲ್ಲಿ ಆ ಬಿರುಕಿನ ಓರೆ 65 ಡಿಗ್ರಿ. ಮೇಲಿನ ತುಂಡು ಕೆಳಗಿನದರ ಮೇಲೆ ಜಾರದೆ ಉಳಿಯುವುದು ಘರ್ಷಣೆಯಿಂದ, ಸೂಪಾದ ಗೋಡೆಯನ್ನು ಬಂಡೆಯ ಮೇಲೆ ಹಿಡಿದಿಡಲು ನೆರವಾಗುವ ಅದೇ ಘರ್ಷಣೆಯಿಂದ. ಎರಡೂ ತುಂಡುಗಳನ್ನು ಬಿಡದೆ ಒತ್ತಿ ಹಿಡಿಯುವುದು ಅದೇ ಅರ್ಧ ಕಿಲೊ ರಿಂಗ್.

ನಮ್ಮ ಕಡೆ ಭೂಕಂಪವೇ ಎಂದು ಕೇಳುವವರಿಗೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟನ್ನು ನೆನಪಿಸಬೇಕು. ಸೂಪಾಕ್ಕಿಂತ ಎರಡೇ ಮೀಟರ್ ಎತ್ತರದ, 103 ಮೀಟರಿನ ಆ ಅಣೆಕಟ್ಟು 1967ರ ಡಿಸೆಂಬರ್ 11ರ ನಸುಕಿನಲ್ಲಿ ಆರು ಮೀರಿದ ಪರಿಮಾಣದ ಕಂಪನಕ್ಕೆ ಬಿರುಕು ಬಿಟ್ಟಿತು, ಆದರೆ ಬೀಳಲಿಲ್ಲ. ಸುತ್ತಲಿನ ಮನೆಗಳು ಬಿದ್ದವು. 2016ರ ಭೂಕಂಪ ಸಂಹಿತೆಯ ಪಟ್ಟಿಯಲ್ಲಿ ಕಾರವಾರ, ಬೆಳಗಾವಿ ಎರಡೂ ಮೂರನೇ ವಲಯದಲ್ಲಿವೆ. ರಾಮನಗರ ಇರುವುದು ಅವೆರಡರ ನಡುವೆ.

ಅದೇ ವರ್ಷದ ಐಎಸ್ 13920 ಎಂಬ ಸಂಹಿತೆ ಕಂಬದ ಕಿರಿಯ ಬದಿ 300 ಮಿ.ಮೀ. ಇರಲಿ ಎನ್ನುತ್ತದೆ. ಗೋಡೆಯಲ್ಲಿ ಅಡಗಲೆಂದು ನಾವು ಹಾಕುವ 9 ಇಂಚು ಬರೀ 230. ರಿಂಗಿನ ತುದಿಯನ್ನು 135 ಡಿಗ್ರಿ ಬಗ್ಗಿಸಿ 65 ಮಿ.ಮೀ. ಒಳಕ್ಕೆ ಬಿಡಬೇಕೆಂದೂ ಅದು ಹೇಳುತ್ತದೆ. 90 ಡಿಗ್ರಿಗೇ ನಿಲ್ಲಿಸಿದರೆ, ಹೊರಗಿನ ಕಾಂಕ್ರೀಟು ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ. ಉಳಿದ 45 ಡಿಗ್ರಿಗೆ ಬಾರ್ ಬೆಂಡರ್ ಕೈಯ ಒಂದು ಎಳೆತ ಸಾಕು.