ಮರಿ ಕೊಂದ ಮುಸುವದ ಲೆಕ್ಕಾಚಾರ

ಕಪ್ಪು ಮೋರೆಯ, ಉದ್ದ ಬಾಲದ ಮುಸುವಗಳ ಗುಂಪೆಂದರೆ ಮೂಲತಃ ಹೆಣ್ಣುಗಳ ಸಂಸಾರ. ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು ಎಲ್ಲ ಹುಟ್ಟಿದ ಗುಂಪಿನಲ್ಲೇ ಬಾಳು ಸವೆಸುತ್ತವೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿ ಒಂದರ ತೋಳಿನಿಂದ ಇನ್ನೊಂದರ ತೋಳಿಗೆ ದಾಟುತ್ತದೆ. ತಾಯಿ ಆ ಹೊತ್ತಿನಲ್ಲಿ ನಿರಾಳವಾಗಿ ಚಿಗುರು ಮೇಯುತ್ತದೆ. ಗಂಡುಗಳು ಮಾತ್ರ ಬೆಳೆಯುತ್ತಲೇ ಗುಂಪು ಬಿಡಬೇಕು. ಹೀಗೆ ಹೊರಬಿದ್ದವು ತಮ್ಮದೇ ದಂಡು ಕಟ್ಟಿಕೊಂಡು ಅಲೆಯುತ್ತವೆ. ಬಹಳಷ್ಟು ಕಡೆ ಹೆಣ್ಣುಗಳ ಜೊತೆ ಉಳಿಯುವುದು ಒಂದೇ ಪ್ರೌಢ ಗಂಡು.

ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮ ಈ ಸಂಸಾರದ ಕಟ್ಟುಪಾಡು ಅರಿಯಲು 1961ರಲ್ಲಿ ಧಾರವಾಡಕ್ಕೆ ಬಂದರು. ಅದಕ್ಕೆ ತುಸು ಮುಂಚೆ ಅಮೆರಿಕದ ಫಿಲಿಸ್ ಜೇ ಉತ್ತರ ಭಾರತದ ಮುಸುವಗಳನ್ನು ಗಮನಿಸಿ, ಇವು ಶಾಂತ ಪ್ರಾಣಿಗಳು ಎಂದಿದ್ದರು. ಧಾರವಾಡದ ಕಾಡಿನಲ್ಲಿ ಕಂಡದ್ದೇ ಬೇರೆ. 1962ರಲ್ಲಿ ಗಂಡುಗಳ ದಂಡೊಂದು ಒಂದು ಗುಂಪಿನ ಮೇಲೆ ಏರಿಬಂದು ಅಲ್ಲಿನ ಯಜಮಾನನನ್ನು ಓಡಿಸಿತು. ದಾಳಿಕೋರರಲ್ಲಿ ಕೊನೆಗೆ ಒಂದೇ ಗಂಡು ಉಳಿಯಿತು. ಆಮೇಲೆ ಅದು ಎಳೆಮರಿಗಳನ್ನು ಕಚ್ಚತೊಡಗಿತು, ಮರಿಗಳು ಇಲ್ಲವಾದವು. ಇದು ಆಕಸ್ಮಿಕವೇ? ಸುಗಿಯಾಮ ಇನ್ನೊಂದು ಗುಂಪಿನ ಗಂಡನ್ನು ತಾವೇ ಹಿಡಿದು ತೆಗೆದು ನೋಡಿದರು. ಅಲ್ಲೂ ಹೊರಗಿನ ಗಂಡು ಬಂತು, ಅಲ್ಲೂ ಮರಿಗಳು ಸತ್ತವು. (ಇಂಥ ಪ್ರಯೋಗಕ್ಕೆ ಇಂದು ಅನುಮತಿ ಸಿಗುವುದು ಕಷ್ಟ. ಸಿಗದಿರುವುದೇ ಸರಿ.)

ಅನೇಕರು ಇದನ್ನು ನಂಬಲು ಒಪ್ಪಲಿಲ್ಲ. ಊರ ಪಕ್ಕದ ಇಕ್ಕಟ್ಟಿನಲ್ಲಿ ಬದುಕುವ ಮಂಗಗಳ ತಲೆಕೆಟ್ಟ ವರ್ತನೆ ಎಂದರು. 1971ರಲ್ಲಿ ರಾಜಸ್ಥಾನದ ಅಬು ಬೆಟ್ಟಕ್ಕೆ ಮುಸುವಗಳ ಅಧ್ಯಯನಕ್ಕೆಂದು ಬಂದ ಸಂಶೋಧಕಿ ಸಾರಾ ಹರ್ಡಿ ಇದನ್ನು ಬೇರೆ ಕಣ್ಣಿನಿಂದ ಕಂಡರು. ಮರಿ ಮೊಲೆ ಕುಡಿಯುವಷ್ಟು ಕಾಲ ತಾಯಿ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತದೆ. ಹೊಸ ಗಂಡಿನ ಯಜಮಾನಿಕೆಯೂ ಶಾಶ್ವತವಲ್ಲ, ಮತ್ತೊಂದು ದಂಡು ಯಾವಾಗ ಬಂದೀತೋ ಹೇಳಲಾಗದು. ಇನ್ನೊಬ್ಬನ ಮರಿ ದೊಡ್ಡದಾಗುವ ತನಕ ಕಾಯುತ್ತ ಕುಳಿತ ಗಂಡು ತನ್ನ ಸಂತಾನವಿಲ್ಲದೆಯೇ ಹೊರಬೀಳಬಹುದು. ಗಂಡಿಗೆ ಇದೆಲ್ಲ ತಿಳಿದಿರಬೇಕಿಲ್ಲ. ಹಾಗೆ ನಡೆದುಕೊಂಡ ಗಂಡುಗಳ ಸಂತತಿ ಹೆಚ್ಚು ಉಳಿದರೆ ಸಾಕು, ಆ ನಡವಳಿಕೆಯೂ ಉಳಿಯುತ್ತದೆ.

ಹರ್ಡಿಯ ಬರಹದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಹೆಣ್ಣುಗಳ ಕಥೆ. ಅವು ಸುಮ್ಮನೆ ಸೋಲುವುದಿಲ್ಲ. ಮುಪ್ಪಾದ, ಇನ್ನು ಹೆರಲಾರದ ಹೆಣ್ಣುಗಳೂ ಮುನ್ನುಗ್ಗಿ ಮರಿಯನ್ನು ಕಸಿದು ತರುತ್ತವೆ. ಗರ್ಭ ಧರಿಸಿದ ಹೆಣ್ಣು ಬೆದೆಯ ಲಕ್ಷಣ ತೋರಿಸಿ ಹೊಸ ಗಂಡಿನ ಜೊತೆ ಕೂಡುವುದುಂಟು. ಹುಟ್ಟಲಿರುವ ಮರಿ ತನ್ನದೇ ಇರಬಹುದೆಂಬಂತೆ ಗಂಡು ನಡೆದುಕೊಂಡರೆ ಮರಿ ಬದುಕುತ್ತದೆ. ಆವರೆಗಿನ ಅನೇಕ ವಾನರ ಅಧ್ಯಯನಗಳಲ್ಲಿ ಹೆಣ್ಣೆಂದರೆ ಮರಿ ಸಾಕುವ ಪಾತ್ರ ಮಾತ್ರ. ಆ ನೋಟ ಬದಲಾಗಲು ಈ ಮುಸುವಗಳೂ ಒಂದು ಕಾರಣ.

ಮರಿ ಕೊಲ್ಲುವುದು ಗಂಡಿನ ಲಾಭಕ್ಕೋ, ತಲೆಕೆಟ್ಟ ವರ್ತನೆಯೋ ಎಂಬ ವಾದ ದಶಕಗಟ್ಟಲೆ ನಡೆಯಿತು. 1999ರಲ್ಲಿ ನೇಪಾಳದ ರಾಮನಗರದಿಂದ ಬಲವಾದ ಸಾಕ್ಷ್ಯ ಬಂತು. ಅಲ್ಲಿ ಒಂದೇ ಗುಂಪಿನಲ್ಲಿ ಹಲವು ಗಂಡುಗಳಿರುವುದು ಸಾಮಾನ್ಯ, ಹಾಗಾಗಿ ತಂದೆ ಯಾರೆಂದು ನೋಡಿ ಹೇಳಲಾಗದು. ಮುಸುವಗಳ ಹಿಕ್ಕೆಯಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದಾಗ, ಪರೀಕ್ಷೆಗೆ ಸಿಕ್ಕ ಪ್ರಕರಣಗಳಲ್ಲಿ ಮರಿಯ ಮೇಲೆರಗಿದ ಯಾವ ಗಂಡೂ ಆ ಮರಿಯ ತಂದೆಯಾಗಿರಲಿಲ್ಲ.