ಮಂದೆಯಂತೆ ಸಂಚರಿಸುವ ತಂತ್ರಾಂಶ

ಹಿರಿಯೂರಿನ ನಿಮ್ಮ ಶಾಲೆಯ ಗಣಕಯಂತ್ರದಲ್ಲಿ ಚಿತ್ರ ಬಿಡಿಸುವ ತಂತ್ರಾಂಶವೊಂದಿದೆ ಎನ್ನಿ. ಅದರಲ್ಲಿ ನೀವು ವಾಣಿವಿಲಾಸ ಸಾಗರದ ಚಿತ್ರ ಬಿಡಿಸುತ್ತಿದ್ದೀರಿ. ಉಳಿದ ಕೆಲಸವನ್ನು ಹೊಳಲ್ಕೆರೆಯ ಶಾಲೆಯಲ್ಲಿ ಮಾಡಬೇಕು. ಆದರೆ ಅಲ್ಲಿ ಆ ತಂತ್ರಾಂಶವಿಲ್ಲ. ಅಳವಡಿಸಲು ಹೊರಟರೆ ‘ನಿರ್ವಾಹಕರ ಪಾಸ್‌ವರ್ಡ್ ಕೊಡಿ’ ಎಂದು ಪರದೆ ಕೇಳುತ್ತದೆ. ಹೀಗೇಕೆ? ಇದಕ್ಕೆ ಬೇರೆ ದಾರಿ ಇದೆಯೇ? ನೋಡೋಣ ಬನ್ನಿ.

ಬೀಗ ಏಕೆ?

ವಿಂಡೋಸ್ ಇರುವ ಗಣಕಯಂತ್ರದಲ್ಲಿ ತಂತ್ರಾಂಶವನ್ನು ಅಳವಡಿಸುವಾಗ ಅದರ ಭಾಗಗಳು ಹಲವು ಕಡೆ ಹೋಗಿ ಕೂರುತ್ತವೆ. ಮುಖ್ಯ ಕಡತಗಳು ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರಿಗೆ ಹೋಗುತ್ತವೆ. ಅಕ್ಷರಗಳ ಫಾಂಟುಗಳಿಗೆ ಇನ್ನೊಂದು ಜಾಗ. ತಂತ್ರಾಂಶ ಹೇಗೆ ನಡೆಯಬೇಕೆಂಬ ವಿವರಗಳು ‘ರಿಜಿಸ್ಟ್ರಿ’ ಎಂಬ ದೊಡ್ಡ ದಾಖಲೆಯಲ್ಲಿ ಸೇರುತ್ತವೆ.

ಈ ಜಾಗಗಳು ಗಣಕಯಂತ್ರ ಬಳಸುವ ಎಲ್ಲರಿಗೂ ಸೇರಿದವು. ಒಬ್ಬರು ಕೆಡಿಸಿದರೆ ಎಲ್ಲರಿಗೂ ತೊಂದರೆ. ವೈರಸ್ ಇಲ್ಲಿಗೆ ನುಗ್ಗಿದರೆ ಇಡೀ ಯಂತ್ರವೇ ಕೆಡಬಹುದು. ಆದ್ದರಿಂದ ಇಲ್ಲಿ ಬದಲಾವಣೆ ಮಾಡುವ ಅಧಿಕಾರ ನಿರ್ವಾಹಕರಿಗೆ ಮಾತ್ರ. ಉಳಿದವರು ತಮ್ಮ ಸ್ವಂತ ಫೋಲ್ಡರಿನಲ್ಲಿ ಏನನ್ನಾದರೂ ಬರೆಯಬಹುದು, ಅಳಿಸಬಹುದು.

ಮನೆಯೋ, ಮಂದೆಯೋ?

ಬೆಳೆ ಕೊಯ್ಲಾದ ಮೇಲೆ ನಮ್ಮ ಜಿಲ್ಲೆಯ ಹೊಲಗಳಲ್ಲಿ ಕುರಿಮಂದೆ ತಂಗುವುದನ್ನು ನೀವು ಕಂಡಿರಬಹುದು. ಕುರಿಗಾಹಿಗಳು ಕಂಬಳಿ, ಪಾತ್ರೆ, ಹಿಟ್ಟು, ಕುರಿಗಳ ಸುತ್ತ ಕಟ್ಟುವ ಬಲೆ ಎಲ್ಲವನ್ನೂ ಜೊತೆಯಲ್ಲೇ ಒಯ್ಯುತ್ತಾರೆ. ಯಾರ ಹೊಲದಲ್ಲೂ ಅಡಿಪಾಯ ತೋಡುವುದಿಲ್ಲ. ಹೊರಡುವಾಗ ಎಲ್ಲವನ್ನೂ ಕಟ್ಟಿಕೊಂಡು ಮುಂದಿನ ಹೊಲಕ್ಕೆ ಹೋಗುತ್ತಾರೆ.

ಅಳವಡಿಸುವ ತಂತ್ರಾಂಶ ಹೊಲದಲ್ಲಿ ಮನೆ ಕಟ್ಟಿದಂತೆ. ‘ಪೋರ್ಟಬಲ್’ ತಂತ್ರಾಂಶ, ಅಂದರೆ ಜೊತೆಯಲ್ಲಿ ಒಯ್ಯಬಲ್ಲ ತಂತ್ರಾಂಶ, ಮಂದೆ ತಂಗಿದಂತೆ. ತನಗೆ ಬೇಕಾದುದೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡು ಅದು ಪೆನ್ ಡ್ರೈವಿನಿಂದಲೇ ಕೆಲಸ ಮಾಡುತ್ತದೆ.

ಹೇಗೆ ಮಾಡುತ್ತಾರೆ?

ಇದಕ್ಕೆ ಮುಖ್ಯವಾಗಿ ಮೂರು ಕೆಲಸಗಳಾಗಬೇಕು.

ಒಂದು: ತಂತ್ರಾಂಶಕ್ಕೆ ಬೇಕಾದ ಎಲ್ಲ ಸಹಾಯಕ ಕಡತಗಳನ್ನೂ ಅದರ ಫೋಲ್ಡರಿನಲ್ಲೇ ಇಡಬೇಕು.

ಎರಡು: ವಿವರಗಳನ್ನು ರಿಜಿಸ್ಟ್ರಿಯಲ್ಲಿ ಬರೆಯದೆ ಅದೇ ಫೋಲ್ಡರಿನ ಚಿಕ್ಕ ಕಡತವೊಂದರಲ್ಲಿ ಬರೆಯಬೇಕು. ಆಗ ನೀವು ಆರಿಸಿದ ಬಣ್ಣ, ಅಕ್ಷರದ ಗಾತ್ರಗಳೂ ನಿಮ್ಮ ಜೊತೆಗೇ ಬರುತ್ತವೆ.

ಮೂರು: ವಿಳಾಸದ ಲೆಕ್ಕ. ಒಂದು ಗಣಕಯಂತ್ರ ನಿಮ್ಮ ಪೆನ್ ಡ್ರೈವನ್ನು ‘ಇ’ ಎಂದು ಕರೆದರೆ ಇನ್ನೊಂದು ‘ಎಫ್’ ಎನ್ನಬಹುದು. ‘ಇ ಡ್ರೈವಿನಲ್ಲಿ ಹುಡುಕು’ ಎಂದು ಬರೆದಿಟ್ಟರೆ ಎರಡನೆಯ ಯಂತ್ರದಲ್ಲಿ ಕಡತ ಸಿಗದು. ‘ನಾನಿರುವ ಫೋಲ್ಡರಿನಲ್ಲೇ ಹುಡುಕು’ ಎಂದು ಬರೆದರೆ ಎಲ್ಲಿಯೂ ಸಿಗುತ್ತದೆ.

2004ರಲ್ಲಿ ಅಮೆರಿಕದ ಜಾನ್ ಹಾಲರ್ ಎಂಬುವರು ಫೈರ್‌ಫಾಕ್ಸ್ ತಂತ್ರಾಂಶವನ್ನು ಹೀಗೆ ಒಯ್ಯುವಂತೆ ಮಾಡಿದರು. ಅನಂತರ ಇಂತಹ ತಂತ್ರಾಂಶಗಳು ಹಲವು ಬಂದವು. ಮಕ್ಕಳು ಚಿತ್ರ ಬಿಡಿಸುವ ‘ಟಕ್ಸ್ ಪೇಂಟ್’ ಅವುಗಳಲ್ಲಿ ಒಂದು.

ಕನ್ನಡದ ಕಥೆ

ತಂತ್ರಾಂಶ ಬಂದರೆ ಸಾಲದು, ಬರೆದದ್ದೂ ಜೊತೆಗೆ ಬರಬೇಕಲ್ಲವೇ? ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಅಕ್ಷರಗಳು ಕಾಣುತ್ತವೆ. ಏಕೆಂದರೆ ಅವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ರೂಪ ತೊಡಿಸಿದ್ದವು. ವೇಷ ಕಳಚಿದರೆ ಕನ್ನಡವೂ ಮಾಯ!

ಯುನಿಕೋಡ್ ಪದ್ಧತಿಯಲ್ಲಿ ಹೀಗಾಗದು. ಅಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ. ‘ಕ’ ಅಕ್ಷರದ ಸಂಖ್ಯೆ 3221. ಹೊಸದುರ್ಗದಲ್ಲಿ ಬರೆದರೂ ಲಂಡನ್ನಿನಲ್ಲಿ ಓದಿದರೂ ಅದು ‘ಕ’ವೇ. ಯಾವುದಾದರೂ ಒಂದು ಯುನಿಕೋಡ್ ಕನ್ನಡ ಫಾಂಟು ಇದ್ದರಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ‘ತುಂಗಾ’ ಎಂಬ ಅಂತಹ ಫಾಂಟು ಇತ್ತು.

ಎಲ್ಲವೂ ಸಾಧ್ಯವೇ?

ಇಲ್ಲ. ಮುದ್ರಣಯಂತ್ರವನ್ನು ನಡೆಸುವ ‘ಡ್ರೈವರ್’ನಂತಹ ತಂತ್ರಾಂಶ ಗಣಕಯಂತ್ರದ ಒಳಭಾಗದೊಡನೆ ನೇರವಾಗಿ ಬೆರೆಯುತ್ತದೆ. ಅದನ್ನು ಅಳವಡಿಸಲು ಸಾಮಾನ್ಯವಾಗಿ ನಿರ್ವಾಹಕರೇ ಬೇಕು.

ಇನ್ನೊಂದು ಮಾತು ನೆನಪಿರಲಿ. ಪೆನ್ ಡ್ರೈವಿನಲ್ಲಿ ವೈರಸ್ ಕೂಡ ಪ್ರಯಾಣ ಮಾಡುತ್ತದೆ. ಮನೆ ಕಟ್ಟದಿದ್ದರೂ ಮಂದೆ ತಂಗಲು ಹೊಲದವರ ಒಪ್ಪಿಗೆ ಬೇಕು. ಹಾಗೆಯೇ ಪಾಸ್‌ವರ್ಡ್ ಬೇಡವೆಂದ ಮಾತ್ರಕ್ಕೆ ಒಪ್ಪಿಗೆ ಬೇಡವೆಂದಲ್ಲ. ಮೊದಲು ಶಿಕ್ಷಕರನ್ನು ಕೇಳಿ. ವೈರಸ್ ಇದೆಯೇ ಎಂದು ಪರೀಕ್ಷಿಸಿ. ಕೆಲಸ ಮುಗಿದ ಮೇಲೆ ತಂತ್ರಾಂಶವನ್ನು ಮುಚ್ಚಿ, ಅನಂತರವೇ ಪೆನ್ ಡ್ರೈವನ್ನು ತೆಗೆಯಿರಿ. ಬರೆಯುತ್ತಿರುವಾಗಲೇ ಕಿತ್ತರೆ ಕಡತ ಕೆಡಬಹುದು.

ನೀವೇ ಮಾಡಿ ನೋಡಿ

ಶಿಕ್ಷಕರ ಒಪ್ಪಿಗೆ ಪಡೆದು ಒಂದೇ ಪೆನ್ ಡ್ರೈವನ್ನು ಶಾಲೆಯ ಎರಡು ಮೂರು ಗಣಕಯಂತ್ರಗಳಿಗೆ ಒಂದಾದ ಮೇಲೊಂದರಂತೆ ಜೋಡಿಸಿ. ಪ್ರತಿಯೊಂದರಲ್ಲೂ ಅದಕ್ಕೆ ಯಾವ ಅಕ್ಷರ ಬಂತೆಂದು ಬರೆದುಕೊಳ್ಳಿ. ಎಲ್ಲದರಲ್ಲೂ ಒಂದೇ ಅಕ್ಷರ ಬಂದಿತೇ?